ಸಮುದ್ರದ ನೀರಿನಲ್ಲಿ ತೀರಾ ಕಡಿಮೆ ಇರುವ ಋಣ ಅಯಾನುಗಳನ್ನು ಅಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ನಮ್ಮ ಲ್ಯಾಬಿಗೆ ಜಮಖಂಡಿ, ಇಳಕಲ್, ಇಂಡಿ, ಗೋಕಾಕ ಕಡೆಯಿಂದ ಎಂ.ಎಸ್ಸಿ. ಹುಡುಗರು, ಹುಡುಗಿಯರು ಪ್ರಾಜೆಕ್ಟಿಗೆ ಬರುತ್ತಾರೆ. ಪ್ರತಿ ವರ್ಷ ಹೊಸ ಮುಖಗಳು, ಆದರೆ ಪ್ರಶ್ನೆಗಳು ಮಾತ್ರ ಹಳೆಯವೇ. ಕೇಳುವುದು ತಪ್ಪಲ್ಲ, ಕೇಳದೆ ಸ್ಯಾಂಪಲ್ ಹಾಕುವುದು ತಪ್ಪು. ಬಾಯಲ್ಲಿ ಹೇಳಿ ಹೇಳಿ ಸಾಕಾಗದ ಮಾತುಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಋಣ ಅಯಾನು ಅಂದರೆ ಋಣ ವಿದ್ಯುದಂಶ ಹೊತ್ತ ಕಣ; ನೈಟ್ರೇಟ್, ಬ್ರೋಮೈಡ್, ಅಯೋಡೈಡ್ ಎಲ್ಲಾ ಅದೇ ಜಾತಿ. ಅವನ್ನು ಅಳೆಯುವ ಅಯಾನ್ ಕ್ರೊಮ್ಯಾಟೋಗ್ರಫಿ ಮಷಿನ್ ಮುಂದೆ ಕೂರುವ ಮೊದಲು ಒಮ್ಮೆ ಓದಿಕೊಳ್ಳಿ.

ಬೆಳಗಾವಿಗೂ ಸಮುದ್ರಕ್ಕೂ ಏನು ಸಂಬಂಧ ಮೇಡಂ?

ಇದು ಎಲ್ಲರೂ ಮೊದಲು ಕೇಳುವ ಪ್ರಶ್ನೆ. ಖಾನಾಪುರ ತಾಲ್ಲೂಕಿನ ನಕ್ಷೆ ತೆಗೆದು ನೋಡಿ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿಯುತ್ತಾಳೆ. ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಅದೇ ತಾಲ್ಲೂಕಿನ ದೇಗಾಂವ್ ಹತ್ತಿರ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ತಿರುಗುತ್ತಾಳೆ. ಗೋವಾದಲ್ಲಿ ಮಾಂಡೋವಿ ಅನಿಸಿಕೊಂಡು ಪಣಜಿ ಬಳಿ ಅರಬ್ಬೀ ಸಮುದ್ರಕ್ಕೆ ಇಳಿಯುತ್ತಾಳೆ. ಒಂದೇ ತಾಲ್ಲೂಕಿನ ಮಳೆನೀರು ಎರಡು ಸಮುದ್ರಕ್ಕೆ! ಹೊಲಕ್ಕೆ ಹಾಕಿದ ಗೊಬ್ಬರ, ಊರಿನ ಗಟಾರದ ನೀರು, ಎಲ್ಲದರ ನೈಟ್ರೇಟೂ ಕೊನೆಗೆ ಅಲ್ಲಿಗೇ ಹೋಗುತ್ತದೆ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯಲ್ಲಿ ಆಳದ ತಣ್ಣೀರು ಮೇಲೆ ಬರುತ್ತದೆ. ಅದರಲ್ಲಿ ಆಮ್ಲಜನಕ ಕಡಿಮೆ, ಪೋಷಕಾಂಶ ಜಾಸ್ತಿ. ಹಾಗಾಗಿ ಈ ಅಳತೆ ಬರೀ ಕರಾವಳಿಯವರ ತಲೆನೋವಲ್ಲ, ನಮ್ಮದೂ ಹೌದು. ಘಟ್ಟ ಇಳಿದರೆ ಗೋವಾದ ದೋನಾ ಪಾವ್ಲಾದಲ್ಲಿ, 1966ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆ. ಈ ವಿಷಯದಲ್ಲಿ ಮುಂದೆ ಓದುವ ಆಸೆ ಇದ್ದವರು ಒಮ್ಮೆ ಅಲ್ಲಿಗೆ ಹೋಗಿ ಬನ್ನಿ.

ಸಮುದ್ರದ ನೀರಿನಲ್ಲಿ ಯಾವ ಅಯಾನು ಎಷ್ಟಿರುತ್ತದೆ?

ಒಂದು ಕಿಲೋ ಸಾಧಾರಣ ಸಮುದ್ರ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅದರಲ್ಲಿ ಕ್ಲೋರೈಡ್ ಒಂದೇ 19 ಗ್ರಾಂ ದಾಟುತ್ತದೆ. ಸಲ್ಫೇಟ್ ಸುಮಾರು 2.7 ಗ್ರಾಂ. ಅಲ್ಲಿಂದ ಮುಂದೆ ಲೆಕ್ಕ ದಿಢೀರ್ ಇಳಿಯುತ್ತದೆ: ಬ್ರೋಮೈಡ್ ಸುಮಾರು 67 ಮಿಲಿಗ್ರಾಂ, ಫ್ಲೋರೈಡ್ 1.3 ಮಿಲಿಗ್ರಾಂ. ಅಯೋಡಿನ್ ಎಲ್ಲಾ ರೂಪ ಸೇರಿಸಿದರೂ ಸುಮಾರು 60 ಮೈಕ್ರೊಗ್ರಾಂ ಅಷ್ಟೇ, ಅದೂ ಅಯೋಡೈಡ್ ಮತ್ತು ಅಯೋಡೇಟ್ ಅಂತ ಹಂಚಿಹೋಗಿರುತ್ತದೆ. ನೈಟ್ರೇಟ್ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಬಿಸಿಲು ಬೀಳುವ ಮೇಲ್ಮೈಯಲ್ಲಿ ಪಾಚಿ ಅದನ್ನು ತಿಂದು ಮುಗಿಸಿರುತ್ತದೆ, ಹಾಗಾಗಿ ಲೀಟರಿಗೆ 1 ಮೈಕ್ರೊಮೋಲ್‌ಗಿಂತ ಕಡಿಮೆ ಇರುವುದು ಮಾಮೂಲು. ಆಳದಲ್ಲಿ 30, 40 ಮೈಕ್ರೊಮೋಲ್ ತನಕ ಏರುತ್ತದೆ. (ಮೋಲ್ ಅಂದರೆ ಕಣಗಳನ್ನು ಎಣಿಸುವ ಅಳತೆ, ಮೈಕ್ರೊಮೋಲ್ ಅದರ ಹತ್ತು ಲಕ್ಷದಲ್ಲಿ ಒಂದು ಪಾಲು.)

ಅರಬ್ಬೀ ಸಮುದ್ರದ ನಡು ಆಳದಲ್ಲಿ ಆಮ್ಲಜನಕ ಬಹುತೇಕ ಇಲ್ಲದ ದೊಡ್ಡ ಪದರವೇ ಇದೆ. ಅಲ್ಲಿಯ ಬ್ಯಾಕ್ಟೀರಿಯಾಗಳು ಉಸಿರಾಡಲು ಆಮ್ಲಜನಕದ ಬದಲು ನೈಟ್ರೇಟನ್ನೇ ಬಳಸುತ್ತವೆ. ಆದ್ದರಿಂದ ಆ ಪದರದಲ್ಲಿ ನೈಟ್ರೈಟ್, ಅಂದರೆ ಒಂದು ಆಮ್ಲಜನಕ ಪರಮಾಣು ಕಳೆದುಕೊಂಡ ನೈಟ್ರೇಟ್, ಕೂಡುತ್ತದೆ. ನೈಟ್ರೇಟ್ ಒಂದನ್ನೇ ಅಳೆದು ನೈಟ್ರೈಟ್ ಬಿಟ್ಟರೆ ಅರ್ಧ ಕಥೆ ಕೇಳಿದ ಹಾಗೆ.

ಅಯಾನ್ ಕ್ರೊಮ್ಯಾಟೋಗ್ರಫಿ ಅಂದರೆ ಸರಳವಾಗಿ ಏನು?

ಬೆಳಗಾವಿಯ ಖಡೇಬಜಾರಿನಲ್ಲಿ ಹಬ್ಬದ ಹಿಂದಿನ ದಿನ ನಡೆದಿದ್ದೀರಾ? ಹತ್ತು ಜನ ಒಟ್ಟಿಗೆ ಒಳಗೆ ಹೋದರೂ ಒಟ್ಟಿಗೆ ಹೊರಗೆ ಬರುವುದಿಲ್ಲ. ಅಂಗಡಿ ಕಡೆ ತಿರುಗಿಯೂ ನೋಡದವರು ಮೊದಲು ಆಚೆ ತುದಿ ಮುಟ್ಟುತ್ತಾರೆ. ಪ್ರತಿ ಅಂಗಡಿಯಲ್ಲೂ ನಿಲ್ಲುವವರು ಕೊನೆಗೆ ಬರುತ್ತಾರೆ. ಕಾಲಮ್ ಅಂದರೆ ಆ ಬಜಾರು. ಅದರೊಳಗಿನ ಸಣ್ಣ ಮಣಿಗಳ ಮೇಲೆ ಧನ ವಿದ್ಯುದಂಶ ಇರುತ್ತದೆ, ಋಣ ಅಯಾನುಗಳು ಅಲ್ಲಿ ಹಿಡಿದು ನಿಂತು ಮುಂದೆ ಸಾಗುತ್ತವೆ. ಅವನ್ನು ಮುಂದಕ್ಕೆ ತಳ್ಳುವ ದ್ರವವೇ ಎಲ್ಯೂಯೆಂಟ್. ಸಾಮಾನ್ಯವಾಗಿ ಕಾರ್ಬೊನೇಟ್ ಅಥವಾ ಹೈಡ್ರಾಕ್ಸೈಡ್ ಬಳಸುತ್ತೇವೆ. ಮಾಮೂಲಿ ಕಾಲಮ್‌ನಲ್ಲಿ ಫ್ಲೋರೈಡ್, ಕ್ಲೋರೈಡ್, ನೈಟ್ರೈಟ್, ಬ್ರೋಮೈಡ್, ನೈಟ್ರೇಟ್, ಫಾಸ್ಫೇಟ್, ಸಲ್ಫೇಟ್ ಅನ್ನುವ ಸಾಲಿನಲ್ಲಿ ಹೊರಬರುತ್ತವೆ. ಅಯೋಡೈಡ್ ಇವೆಲ್ಲದರ ನಂತರ, ತುಂಬಾ ತಡವಾಗಿ.

ಹೊರಬಂದದ್ದನ್ನು ವಿದ್ಯುತ್ ವಾಹಕತೆಯಿಂದ ಗುರುತಿಸುತ್ತೇವೆ. ಒಂದೊಂದು ಅಯಾನು ಬಂದಾಗಲೂ ಪರದೆಯ ಗೆರೆ ಗುಡ್ಡದ ಹಾಗೆ ಏಳುತ್ತದೆ, ಅದೇ ಪೀಕ್. ಗುಡ್ಡದ ತಳದ ಗೆರೆ ಬೇಸ್‌ಲೈನ್. ಆದರೆ ಎಲ್ಯೂಯೆಂಟೇ ಚೆನ್ನಾಗಿ ವಿದ್ಯುತ್ ಹರಿಸುತ್ತದಲ್ವಾ? ಅದರ ಸದ್ದು ಅಡಗಿಸಲು ಸಪ್ರೆಸರ್ ಬೇಕು. ಅದು ಎಲ್ಯೂಯೆಂಟಿನ ಸೋಡಿಯಮ್ ಕಿತ್ತು ಹೈಡ್ರೋಜನ್ ಕೊಡುತ್ತದೆ. ಹೈಡ್ರಾಕ್ಸೈಡ್ ಹೋಗಿ ಬರೀ ನೀರಾಗುತ್ತದೆ. 1975ರಲ್ಲಿ ಡೌ ಕೆಮಿಕಲ್ ಕಂಪನಿಯ ಹ್ಯಾಮಿಷ್ ಸ್ಮಾಲ್ ಮತ್ತು ಜೊತೆಗಾರರು ಈ ಉಪಾಯವನ್ನು ಪ್ರಕಟಿಸಿದ್ದರಿಂದಲೇ ಇವತ್ತು ನಾವು ಈ ಕೆಲಸ ಮಾಡುತ್ತಿದ್ದೇವೆ.

ಕುಡಿಯುವ ನೀರನ್ನು ನೇರವಾಗಿ ಹಾಕುತ್ತೇವೆ. ಸಮುದ್ರದ ನೀರನ್ನು ಯಾಕೆ ಹಾಕಬಾರದು?

ಕ್ಲೋರೈಡ್‌ನಿಂದಾಗಿ. ಸವದತ್ತಿ ಎಲ್ಲಮ್ಮನ ಜಾತ್ರೆಯಲ್ಲಿ ಐದೂವರೆ ಲಕ್ಷ ಜನ ಸೇರಿದ್ದಾರೆ, ಅದರಲ್ಲಿ ನಿಮ್ಮ ಪರಿಚಯದವರು ಒಬ್ಬರು ಇದ್ದಾರೆ ಅಂದುಕೊಳ್ಳಿ. 1 ಮೈಕ್ರೊಮೋಲ್ ನೈಟ್ರೇಟ್ ಇರುವ ಸಮುದ್ರ ನೀರಿನಲ್ಲಿ ಲೆಕ್ಕ ಹೆಚ್ಚೂಕಡಿಮೆ ಅಷ್ಟೇ: ಒಂದು ನೈಟ್ರೇಟಿಗೆ ಐದೂವರೆ ಲಕ್ಷ ಕ್ಲೋರೈಡ್.

ನೇರ ಹಾಕಿದರೆ ಪರದೆ ಮೇಲೆ ಏನಾಗುತ್ತದೆ ಅಂತ ಒಮ್ಮೆ ನೋಡಬೇಕು. ಕ್ಲೋರೈಡ್ ಪೀಕ್ ಮೇಲಕ್ಕೆ ಹೋಗಿ ಗೋಡೆಯ ಹಾಗೆ ನಿಲ್ಲುತ್ತದೆ. ನಂತರ ಇಳಿಯುವಾಗ ಉದ್ದನೆಯ ಬಾಲ ಎಳೆಯುತ್ತದೆ. ನೈಟ್ರೈಟ್ ಆ ಬಾಲದೊಳಗೇ ಮುಳುಗುತ್ತದೆ. ಬ್ರೋಮೈಡ್ ಕಾಣುತ್ತದೆ, ಅದರ ಭುಜದ ಮೇಲೆ ನೈಟ್ರೇಟ್ ಸಣ್ಣ ಗಂಟಿನಂತೆ ಕೂತಿರುತ್ತದೆ. ಇನ್ನೊಂದು ತೊಂದರೆ ಕಣ್ಣಿಗೆ ಬೇಗ ಬೀಳುವುದಿಲ್ಲ. ಅಷ್ಟು ಕ್ಲೋರೈಡ್ ಒಟ್ಟಿಗೆ ನುಗ್ಗಿದಾಗ ಅದೇ ಎಲ್ಯೂಯೆಂಟಿನ ಕೆಲಸ ಮಾಡುತ್ತದೆ, ಉಳಿದವನ್ನು ಬೇಗ ಹೊರಗೆ ತಳ್ಳುತ್ತದೆ. ಹಾಗಾಗಿ ಪೀಕುಗಳು ಸ್ಟ್ಯಾಂಡರ್ಡ್‌ನಲ್ಲಿ (ಯಾವುದು ಎಷ್ಟಿದೆ ಅಂತ ಗೊತ್ತಿರುವ ದ್ರಾವಣದಲ್ಲಿ) ಬಂದ ಸಮಯಕ್ಕಿಂತ ಮೊದಲೇ ಬರುತ್ತವೆ. ಸಾಫ್ಟ್‌ವೇರ್ ಅದಕ್ಕೆ ತಪ್ಪು ಹೆಸರು ಕೊಡುತ್ತದೆ. ಅದು ಕೊಟ್ಟ ಹೆಸರನ್ನು ಸುಮ್ನೆ ನಂಬಬೇಡಿ.

ನೂರು ಪಟ್ಟು ನೀರು ಬೆರೆಸಿದರೆ ಆಯಿತಲ್ವಾ?

ಬ್ರೋಮೈಡ್, ಸಲ್ಫೇಟ್ ಮಾತ್ರ ಬೇಕಿದ್ದರೆ ಆಯಿತು, ಅದೇ ಒಳ್ಳೆಯ ದಾರಿ. ನೈಟ್ರೇಟ್ ಬೇಕಿದ್ದರೆ ಇಲ್ಲ. 1 ಮೈಕ್ರೊಮೋಲ್, ಅಂದರೆ ಲೀಟರಿಗೆ 62 ಮೈಕ್ರೊಗ್ರಾಂ ಇದ್ದದ್ದು 0.62 ಆಗುತ್ತದೆ. ಕ್ಲೋರೈಡ್ ಕಡಿಮೆಯಾದಷ್ಟೇ ಅದೂ ಕಡಿಮೆಯಾಯಿತು, ಇಬ್ಬರ ನಡುವಿನ ಅಂತರ ಹಾಗೇ ಉಳಿಯಿತು.

ಸಿಲ್ವರ್ ನೈಟ್ರೇಟ್ ಹಾಕಿ ಕ್ಲೋರೈಡನ್ನು ಕೆಳಗೆ ಕೂರಿಸಬಹುದಾ?

ಬೇಡ! ಹುಡುಕುತ್ತಿರುವುದು ನೈಟ್ರೇಟ್, ಹಾಕುತ್ತಿರುವುದೂ ನೈಟ್ರೇಟ್. ಬಿ.ಎಸ್ಸಿ. ಪ್ರಾಕ್ಟಿಕಲ್‌ನ ಅಭ್ಯಾಸದಿಂದ ಕೈ ತಾನಾಗಿಯೇ ಆ ಬಾಟಲಿಗೆ ಹೋಗುತ್ತದೆ, ಜೋಪಾನ. ಬೆಳ್ಳಿ ಬೇಕು, ನಿಜ. ಆದರೆ ಅದು ರಾಳದ (ರೆಸಿನ್ ಮಣಿಗಳ) ಮೇಲೆ ಕೂತ ಬೆಳ್ಳಿಯಾಗಿರಬೇಕು.

ಹಾಗಾದರೆ ಬೆಳ್ಳಿ ಕಾರ್ಟ್ರಿಜ್ ಬಳಸುವುದು ಹೇಗೆ?

ಸಿರಿಂಜ್ ತುದಿಗೆ ಸಿಕ್ಕಿಸುವ ಸಣ್ಣ ಕೊಳವೆ ಅದು. ಒಳಗೆ ಬೆಳ್ಳಿ ರೂಪದ ರಾಳ. ನೀರು ಹಾದುಹೋಗುವಾಗ ಕ್ಲೋರೈಡ್ ಅಲ್ಲೇ ಸಿಲ್ವರ್ ಕ್ಲೋರೈಡ್ ಆಗಿ ಉಳಿಯುತ್ತದೆ, ನೈಟ್ರೇಟ್ ಮುಂದೆ ಹೋಗುತ್ತದೆ. ಅದರ ನಂತರ, ನೀರು ಹೊರಬರುವ ಕಡೆ, ಹೈಡ್ರೋಜನ್ ರೂಪದ ಇನ್ನೊಂದು ಕಾರ್ಟ್ರಿಜ್ ಜೋಡಿಸಬೇಕು. ಇಲ್ಲದಿದ್ದರೆ ಸೋರಿದ ಬೆಳ್ಳಿ ಕಾಲಮ್ ಸೇರಿ ಅದನ್ನು ಹಾಳು ಮಾಡುತ್ತದೆ.

ಎಲ್ಲರೂ ಎಡವುವುದು ಸಾಮರ್ಥ್ಯದ ಲೆಕ್ಕದಲ್ಲಿ. 1 ಮಿಲಿಲೀಟರ್ ಸಮುದ್ರ ನೀರಿನಲ್ಲಿ ಸುಮಾರು 0.55 ಮಿಲಿ ಈಕ್ವಿವಲೆಂಟ್ (ವಿದ್ಯುದಂಶದ ಲೆಕ್ಕ, ಕ್ಲೋರೈಡ್‌ಗೆ ಮಿಲಿಮೋಲ್‌ನಷ್ಟೇ) ಕ್ಲೋರೈಡ್ ಇದೆ. ನಿಮ್ಮ ಕಾರ್ಟ್ರಿಜ್ ಡಬ್ಬಿ ಮೇಲೆ 2 ಮಿಲಿ ಈಕ್ವಿವಲೆಂಟ್ ಅಂತ ಬರೆದಿದ್ದರೆ ಮೂರೂವರೆ ಮಿಲಿಲೀಟರಿಗೇ ಅದರ ಕೆಲಸ ಮುಗಿಯಿತು. ಅದರಲ್ಲೂ ಮೊದಲು ಬರುವ ನೀರನ್ನು ಚೆಲ್ಲಬೇಕು. ಅದಕ್ಕೇ ನಾವು ನಾಲ್ಕು ಅಥವಾ ಐದು ಪಟ್ಟು ನೀರು ಬೆರೆಸಿ ಆಮೇಲೆ ಹಾಯಿಸುತ್ತೇವೆ. ಒತ್ತುವಾಗ ಅವಸರ ಬೇಡ. ಹನಿ ಹನಿಯಾಗಿ ಎಣಿಸುವ ಹಾಗೆ ಬೀಳಬೇಕು. ಹೆಬ್ಬೆರಳು ನೋಯುತ್ತದೆ, ನನಗೆ ಗೊತ್ತು.

ಕ್ಲೋರೈಡ್ ಹೋಯಿತೋ ಇಲ್ಲವೋ ಅಂತ ನೋಡಲು ಹೊರಬಂದ ನೀರಿನಿಂದ ಎರಡು ಹನಿ ಬೇರೆ ಗಾಜಿನ ಮೇಲೆ ತೆಗೆದುಕೊಳ್ಳಿ. ಅದಕ್ಕೆ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಡಿ. ಕಪ್ಪು ಕಾಗದದ ಮೇಲಿಟ್ಟು ನೋಡಿ. ಮಜ್ಜಿಗೆಯ ಹಾಗೆ ಬೆಳ್ಳಗಾದರೆ ಕಾರ್ಟ್ರಿಜ್ ಸೋತಿದೆ ಅಂತ ಅರ್ಥ. ಆ ಎರಡು ಹನಿಯನ್ನು ಮಾತ್ರ ಮತ್ತೆ ಸ್ಯಾಂಪಲ್ಲಿಗೆ ಸೇರಿಸಬೇಡಿ.

ನೈಟ್ರೈಟ್ ಬಗ್ಗೆ ಒಂದು ಎಚ್ಚರಿಕೆ. ಹೈಡ್ರೋಜನ್ ಕಾರ್ಟ್ರಿಜ್‌ನಿಂದ ಬಂದ ನೀರು ಆಮ್ಲೀಯವಾಗಿರುತ್ತದೆ. ನೈಟ್ರೈಟ್ ಅದರಲ್ಲಿ ಬಾಳುವುದಿಲ್ಲ. ಹಾಯಿಸಿದ ಕೂಡಲೇ ಇಂಜೆಕ್ಟ್ ಮಾಡಿ, ಚಹಾ ಆಮೇಲೆ. ಬಳಸಿದ ಕಾರ್ಟ್ರಿಜ್‌ಗಳನ್ನು ಬೇರೆ ಡಬ್ಬಿಯಲ್ಲಿ ಕೂಡಿಡಿ, ಬೆಳ್ಳಿಯನ್ನು ಕಸಕ್ಕೆ ಹಾಕುವಂತಿಲ್ಲ.

ಬ್ರೋಮೈಡ್, ಅಯೋಡೈಡ್‌ಗೂ ಇದೇ ದಾರಿಯಾ?

ಅಲ್ಲ. ಬೆಳ್ಳಿ ಅವನ್ನು ಕ್ಲೋರೈಡ್‌ಗಿಂತ ಗಟ್ಟಿಯಾಗಿ ಹಿಡಿಯುತ್ತದೆ. ಕಾರ್ಟ್ರಿಜ್ ಹಾಯಿಸಿ "ಅಯೋಡೈಡ್ ಪತ್ತೆಯಾಗಲಿಲ್ಲ" ಅಂತ ಬರೆದ ವರದಿ ನನ್ನ ಕೈಗೆ ಬಂದಿದೆ. ಪತ್ತೆಯಾಗುವುದಾದರೂ ಹೇಗೆ?

ಇದಕ್ಕೆ ನನಗೆ ತುಂಬಾ ಇಷ್ಟವಾದ ಇನ್ನೊಂದು ದಾರಿ ಇದೆ. ಕ್ಲೋರೈಡನ್ನು ಓಡಿಸುವ ಬದಲು ಅದನ್ನೇ ಎಲ್ಯೂಯೆಂಟ್ ಮಾಡಿಕೊಳ್ಳುವುದು. ಸುಮಾರು ಅರ್ಧ ಮೋಲಾರ್ ಶುದ್ಧ ಸೋಡಿಯಮ್ ಕ್ಲೋರೈಡ್ ದ್ರಾವಣ ಕಾಲಮ್‌ನಲ್ಲಿ ಹರಿಯುತ್ತಿರುತ್ತದೆ. ಅದರೊಳಗೆ ಸಮುದ್ರ ನೀರು ಬಿದ್ದರೆ ಕ್ಲೋರೈಡ್‌ಗೆ ಬೇರೆ ಪೀಕೇ ಇಲ್ಲ, ಹಿನ್ನೆಲೆಯೊಳಗೆ ಕರಗಿಹೋಗುತ್ತದೆ. ವಾಹಕತೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಅಷ್ಟು ಉಪ್ಪಿನಲ್ಲಿ ಏನೂ ಕಾಣದು. ಸಪ್ರೆಸರ್ ತೆಗೆದು ಯುವಿ ಡಿಟೆಕ್ಟರ್ (ಅಯಾನು ನೇರಳಾತೀತ ಬೆಳಕನ್ನು ಎಷ್ಟು ಹೀರುತ್ತದೆ ಅಂತ ನೋಡುವ ಸಾಧನ) ಬಳಸಬೇಕು. 210 ನ್ಯಾನೊಮೀಟರಿನ ಮೇಲೆ ಕ್ಲೋರೈಡ್ ಬೆಳಕನ್ನು ಬಹುತೇಕ ಹೀರುವುದಿಲ್ಲ. ನೈಟ್ರೇಟ್, ನೈಟ್ರೈಟ್, ಬ್ರೋಮೈಡ್, ಅಯೋಡೈಡ್ ಹೀರುತ್ತವೆ.

ತರಂಗಾಂತರ ಆರಿಸುವಾಗ ಸ್ವಲ್ಪ ಯೋಚನೆ ಮಾಡಿ. 210ರಲ್ಲಿ ಬ್ರೋಮೈಡ್ ಪೀಕ್ ದೊಡ್ಡದಾಗಿ ಬಂದು ಪಕ್ಕದ ನೈಟ್ರೇಟನ್ನು ಒತ್ತುತ್ತದೆ. 225ಕ್ಕೆ ಸರಿದರೆ ಬ್ರೋಮೈಡ್ ಕುಗ್ಗುತ್ತದೆ, ನೈಟ್ರೇಟ್ ಸ್ವಲ್ಪ ಸಣ್ಣದಾದರೂ ತಾನೇ ತಾನಾಗಿ ನಿಲ್ಲುತ್ತದೆ. ಅಯೋಡೈಡ್‌ಗೆ 226ರ ಆಸುಪಾಸು ಹೇಳಿ ಮಾಡಿಸಿದ ಹಾಗಿದೆ. ಉಪ್ಪಿನ ಎಲ್ಯೂಯೆಂಟ್ ಗಟ್ಟಿಯಾಗಿರುವುದರಿಂದ ಅಯೋಡೈಡ್ ಕಾಲಮ್‌ಗೆ ಅಂಟಿಕೊಂಡು ಕೂರದೆ ಸಮಯಕ್ಕೆ ಹೊರಬರುತ್ತದೆ, ಅದು ಇನ್ನೊಂದು ಲಾಭ. ಇಷ್ಟಕ್ಕೆ ನಿಮ್ಮ ಪಂಪ್ ಪ್ಲಾಸ್ಟಿಕ್ ದಾರಿಯದ್ದಾಗಿರಬೇಕು. ಸ್ಟೀಲ್ ಪಂಪಿನಲ್ಲಿ ಉಪ್ಪು ನೀರು ಓಡಿಸಿದರೆ ತುಕ್ಕು ಖಂಡಿತ.

ಸ್ಟ್ಯಾಂಡರ್ಡ್ ಮಾಡಲು ಅಂಗಡಿಯ ಉಪ್ಪಿನಿಂದ ಕೃತಕ ಸಮುದ್ರ ನೀರು ಮಾಡಬಹುದಾ?

ಮಾಡಬಾರದು. ಅಡುಗೆ ಉಪ್ಪಿಗೆ ಅಯೋಡೇಟ್ ಸೇರಿಸಿರುತ್ತಾರೆ. ಸಾಣಿಕಟ್ಟಾ ಕಡೆಯ ಕಲ್ಲುಪ್ಪು ಊಟಕ್ಕೆ ರುಚಿ, ಆದರೆ ಅದರಲ್ಲಿ ಸಮುದ್ರದ್ದೇ ಬ್ರೋಮೈಡ್ ಇರುತ್ತದೆ. ಲ್ಯಾಬಿನ ಒಳ್ಳೆಯ ಸೋಡಿಯಮ್ ಕ್ಲೋರೈಡ್‌ನಲ್ಲೂ ಒಂದಿಷ್ಟು ಬ್ರೋಮೈಡ್ ಇದ್ದೇ ಇರುತ್ತದೆ. ಹೊಸ ಬಾಟಲಿ ತೆರೆದಾಗ ಮೊದಲು ಅದನ್ನೇ ಬ್ಲ್ಯಾಂಕ್ ಆಗಿ (ಸ್ಯಾಂಪಲ್ ಇಲ್ಲದೆ ಬರೀ ಅದರ ದ್ರಾವಣ) ಓಡಿಸಿ, ಎಷ್ಟಿದೆ ಅಂತ ಬರೆದಿಡಿ.

ಸ್ಯಾಂಪಲ್ ತರುವುದು ಹೇಗೆ? ಕಾರವಾರದಿಂದ ಬರಲು ಅರ್ಧ ದಿನ ಹಿಡಿಯುತ್ತದೆ.

ನಾನು ಹೊಸಬಳಿದ್ದಾಗ ನಡೆದದ್ದನ್ನು ಹೇಳುತ್ತೇನೆ. ಕಾರವಾರದ ದಂಡೆಯಿಂದ ಏಳು ಬಾಟಲಿ ನೀರು ತಂದಿದ್ದೆವು. ಒಂದು ಕಾಳಿ ನದಿ ಸೇರುವಲ್ಲಿ, ಒಂದು ಮೀನುಗಾರರ ದೋಣಿಯಲ್ಲಿ ಹೋಗಿ ದೂರದಲ್ಲಿ, ಉಳಿದವು ನಡುವೆ. ಏಳಕ್ಕೂ ನೈಟ್ರೇಟ್ ಹೆಚ್ಚೂಕಡಿಮೆ ಒಂದೇ ಎತ್ತರದ ಪೀಕ್ ಕೊಟ್ಟಿತು. ನದಿಬಾಯಿಗೂ ತೆರೆದ ಸಮುದ್ರಕ್ಕೂ ಒಂದೇ ನೈಟ್ರೇಟ್ ಇರಲು ಸಾಧ್ಯವಾ? ಎಂಟನೆಯ ಬಾಟಲಿಯಲ್ಲಿ ನಮ್ಮದೇ ಶುದ್ಧ ನೀರು ತುಂಬಿ, ಬರೀ ಪ್ರಯಾಣ ಮಾಡಿಸಿ ತಂದಿದ್ದೆವು. ಅದನ್ನು ಓಡಿಸಿದಾಗಲೂ ಅದೇ ಪೀಕ್. ಬಾಟಲಿಗಳನ್ನು ನೈಟ್ರಿಕ್ ಆಮ್ಲದಲ್ಲಿ ತೊಳೆದಿದ್ದೆವು! ಲೋಹ ಅಳೆಯುವವರ ಅಭ್ಯಾಸ ಅದು. ಅವರಿಗೆ ಸರಿ, ನಮಗೆ ವಿಷ. ಒಂದು ವಾರದ ಓಡಾಟ ಹೋಯಿತು. ಆವತ್ತಿನಿಂದ ಪ್ರಯಾಣದ ಬ್ಲ್ಯಾಂಕ್ ಇಲ್ಲದೆ ಯಾರೂ ಘಟ್ಟ ಇಳಿಯುವಂತಿಲ್ಲ ಅಂತ ನಮ್ಮಲ್ಲಿ ನಿಯಮ.

ಹಾಗಾಗಿ ಪ್ಲಾಸ್ಟಿಕ್ ಬಾಟಲಿಯನ್ನು ಶುದ್ಧ ನೀರಿನಲ್ಲೇ ಹಲವು ಸಲ ತೊಳೆಯಿರಿ. ನೀರು 18.2 ಮೆಗಾಓಮ್ ಆಗಿರಲಿ. ದಂಡೆಯಲ್ಲಿ ಅದೇ ಸಮುದ್ರ ನೀರಿನಿಂದ ಮೂರು ಸಲ ಗಲಬರಿಸಿ ಆಮೇಲೆ ತುಂಬಿ. 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಅಲ್ಲೇ ಸೋಸಿ, ಇಲ್ಲದಿದ್ದರೆ ದಾರಿಯುದ್ದಕ್ಕೂ ಸೂಕ್ಷ್ಮಜೀವಿಗಳು ನಿಮ್ಮ ನೈಟ್ರೇಟನ್ನು ಉಣ್ಣುತ್ತಾ ಬರುತ್ತವೆ. ಫಿಲ್ಟರನ್ನೂ ಮೊದಲು ತೊಳೆಯಬೇಕು. ಐಸ್ ಡಬ್ಬಿಯಲ್ಲಿ ತಂದು, ಅದೇ ದಿನ ಓಡಿಸಲು ಆಗದಿದ್ದರೆ ಮೈನಸ್ 20ರಲ್ಲಿ ಇಡಿ. ಬಾಟಲಿ ಕಂಠಪೂರ್ತಿ ತುಂಬಬೇಡಿ, ಹೆಪ್ಪುಗಟ್ಟಿದಾಗ ಒಡೆಯುತ್ತದೆ. ಕರಗಿದ ಮೇಲೆ ಚೆನ್ನಾಗಿ ಕಲಕಿ.

ಜೊತೆಗೆ ಲವಣಾಂಶವನ್ನೂ ಅಳೆದು ಬರೆಯಿರಿ. ಮಳೆಗಾಲದಲ್ಲಿ ನದಿಬಾಯಿಯ ನೀರು ಬಹುತೇಕ ಸಿಹಿನೀರೇ ಆಗಿರಬಹುದು. ಅದಕ್ಕೂ ಬೇಸಿಗೆಯ ನೀರಿಗೂ ಒಂದೇ ಕ್ಯಾಲಿಬ್ರೇಶನ್ (ಪೀಕಿನಿಂದ ಪ್ರಮಾಣ ಲೆಕ್ಕ ಹಾಕುವ ಗೆರೆ) ಹಿಡಿದರೆ ತಪ್ಪು.

ಬಂದ ಅಂಕಿ ಸರಿ ಅಂತ ಹೇಗೆ ನಂಬುವುದು?

ಸ್ಪೈಕ್ ಹಾಕಿ. ಬೇರೆ ಯಾವ ಮಾತಿಗಿಂತ ಇದು ಮುಖ್ಯ. ಸ್ಯಾಂಪಲ್ 50 ತೋರಿಸಿತು ಅಂದುಕೊಳ್ಳಿ. ಅದಕ್ಕೇ ಲೀಟರಿಗೆ 100 ಮೈಕ್ರೊಗ್ರಾಂ ಲೆಕ್ಕದಲ್ಲಿ ನೈಟ್ರೇಟ್ ಸೇರಿಸಿ ಮತ್ತೆ ಓಡಿಸಿ. 150 ಬರಬೇಕು. 120 ಬಂದರೆ ಸೇರಿಸಿದ 100ರಲ್ಲಿ 70 ಮಾತ್ರ ಸಿಕ್ಕಿದೆ. ಉಳಿದ 30 ಎಲ್ಲಿ ಹೋಯಿತು? ಕಾರ್ಟ್ರಿಜ್ ಹಿಡಿಯಿತಾ, ಬೇಸ್‌ಲೈನ್ ಎಳೆದದ್ದು ತಪ್ಪಾ, ಅದನ್ನು ಹುಡುಕದೆ ವರದಿ ಬರೆಯಬೇಡಿ. ಬೆಳೆದ ಪೀಕ್ ಯಾವುದು ಅಂತ ನೋಡಿದರೆ ನೈಟ್ರೇಟ್ ಯಾವುದು ಅನ್ನುವುದೂ ಖಚಿತವಾಗುತ್ತದೆ. ಸಮಯ ಸರಿದ ಪೀಕಿಗೆ ಇದಕ್ಕಿಂತ ಒಳ್ಳೆಯ ಗುರುತು ಇಲ್ಲ.

ಶುದ್ಧ ನೀರಿನಲ್ಲಿ ಮಾಡಿದ ಸ್ಟ್ಯಾಂಡರ್ಡ್‌ನಿಂದ ಸಮುದ್ರ ನೀರನ್ನು ಅಳೆಯಬೇಡಿ. ಉಪ್ಪು ನೀರಿನಲ್ಲೇ ಸ್ಟ್ಯಾಂಡರ್ಡ್ ಮಾಡಿ, ಅಥವಾ ಸ್ಯಾಂಪಲ್ಲಿಗೇ ಮೂರು ನಾಲ್ಕು ಮಟ್ಟದಲ್ಲಿ ಸೇರಿಸುತ್ತಾ ಹೋಗಿ. ಬಾಲದ ಮೇಲೆ ಕೂತ ಪೀಕಿಗೆ ವಿಸ್ತೀರ್ಣಕ್ಕಿಂತ ಎತ್ತರ ಹಿಡಿದರೆ ತಪ್ಪು ಕಡಿಮೆ, ಇದು ನನ್ನ ಅನುಭವ. ಪತ್ತೆ ಮಿತಿಗೆ (ನಂಬಿಕೆಯಿಂದ ಗುರುತಿಸಬಹುದಾದ ಅತಿ ಕಡಿಮೆ ಪ್ರಮಾಣಕ್ಕೆ) ಕಡಿಮೆ ಮಟ್ಟದ ಸ್ಪೈಕನ್ನು ಏಳು ಸಲ ಮೊದಲಿನಿಂದ ಕೊನೆಯವರೆಗೆ ಮಾಡಿ, ಬಂದ ಏಳು ಅಂಕಿಗಳ ಸ್ಟ್ಯಾಂಡರ್ಡ್ ಡೀವಿಯೇಶನ್ ಅನ್ನು 3.14ರಿಂದ ಗುಣಿಸಿ. ಅದನ್ನೂ ಸಮುದ್ರ ನೀರಿನಲ್ಲೇ ಮಾಡಬೇಕು. ಮಷಿನ್ ಕಂಪನಿಯ ಪುಸ್ತಕದಲ್ಲಿರುವ ಮಿತಿ ಶುದ್ಧ ನೀರಿನದ್ದು, ನಿಮ್ಮದಲ್ಲ.

ನನ್ನ ಅಂಕಿಗೂ ಗೆಳತಿಯ ಅಂಕಿಗೂ ನಾಲ್ಕು ಪಟ್ಟು ವ್ಯತ್ಯಾಸ ಬರುತ್ತಿದೆ. ಯಾಕೆ?

ನಾಲ್ಕೂವರೆ ಹತ್ತಿರ ಇದ್ದರೆ ಅದು ಮಷಿನ್ ತಪ್ಪಲ್ಲ. ಒಬ್ಬರು ನೈಟ್ರೇಟ್ ಅಂತ ಬರೆದಿದ್ದೀರಿ, ಇನ್ನೊಬ್ಬರು ನೈಟ್ರೇಟಿನಲ್ಲಿರುವ ನೈಟ್ರೋಜನ್ ಅಂತ. 1 ಮೈಕ್ರೊಮೋಲ್ ಅಂದರೆ 62 ಮೈಕ್ರೊಗ್ರಾಂ ನೈಟ್ರೇಟ್, 14 ಮೈಕ್ರೊಗ್ರಾಂ ನೈಟ್ರೋಜನ್. ನೈಟ್ರೋಜನ್ ಅಂಕಿಯನ್ನು 4.43ರಿಂದ ಗುಣಿಸಿದರೆ ಎರಡೂ ಒಂದೇ ಆಗುತ್ತವೆ.

ಫಾಸ್ಫೇಟ್, ಫ್ಲೋರೈಡ್ ಕೂಡ ಇದರಲ್ಲೇ ಆಗುತ್ತಾ?

ಸಮುದ್ರ ನೀರಿಗೆ ನಾನು ಹೇಳುವುದು ಬೇಡ ಅಂತ. ಫಾಸ್ಫೇಟ್ ದೊಡ್ಡ ಸಲ್ಫೇಟ್ ಪೀಕಿನ ನೆರಳಲ್ಲಿ ಬರುತ್ತದೆ, ಮಾಲಿಬ್ಡಿನಮ್ ನೀಲಿ ಬಣ್ಣದ ವಿಧಾನ ಸುಲಭ, ಸೂಕ್ಷ್ಮ. ಫ್ಲೋರೈಡ್‌ನ ಹೆಚ್ಚೂಕಡಿಮೆ ಅರ್ಧ ಭಾಗ ಮೆಗ್ನೀಸಿಯಮ್ ಜೊತೆ ಕಟ್ಟಿಕೊಂಡಿರುತ್ತದೆ. ಆ ಕಟ್ಟು ಬಿಡಿಸುವ ಬಫರ್ ಹಾಕಿ ಫ್ಲೋರೈಡ್ ಎಲೆಕ್ಟ್ರೋಡ್‌ನಿಂದ ಅಳೆಯಿರಿ.

ನೈಟ್ರೇಟ್ ಒಂದಕ್ಕೇ ಇಷ್ಟೆಲ್ಲಾ ಬೇಕಾ?

ನೈಟ್ರೇಟ್ ಒಂದೇ ಬೇಕು, ನೂರಾರು ಸ್ಯಾಂಪಲ್ ಇವೆ ಅಂದರೆ ಕ್ಯಾಡ್ಮಿಯಮ್ ಮೇಲೆ ಹಾಯಿಸಿ ನೈಟ್ರೈಟ್ ಮಾಡಿ ಗುಲಾಬಿ ಬಣ್ಣದಿಂದ ಅಳೆಯುವ ಹಳೆಯ ವಿಧಾನವೇ ವೇಗ. ಸಾಗರ ಲ್ಯಾಬುಗಳು ಬಹಳ ಕಾಲದಿಂದ ಅದನ್ನೇ ನೆಚ್ಚಿಕೊಂಡಿವೆ. ಆದರೆ ಕ್ಯಾಡ್ಮಿಯಮ್ ವಿಷ, ಅದರ ತ್ಯಾಜ್ಯವನ್ನು ನೋಡಿಕೊಳ್ಳಬೇಕು. ನೈಟ್ರೇಟ್, ನೈಟ್ರೈಟ್, ಬ್ರೋಮೈಡ್, ಅಯೋಡೈಡ್ ಒಂದೇ ಇಂಜೆಕ್ಷನ್‌ನಲ್ಲಿ ಬೇಕು ಅಂದಾಗ ಅಯಾನ್ ಕ್ರೊಮ್ಯಾಟೋಗ್ರಫಿಗೆ ಸಾಟಿ ಇಲ್ಲ.

ಸಮುದ್ರ ನೀರು ಹಾಕಿದ ಮೇಲೆ ಪ್ರೆಶರ್ ಏರುತ್ತಿದೆ, ಏನು ಮಾಡಲಿ?

ಸಮುದ್ರ ನೀರಿನಲ್ಲಿ ಲೀಟರಿಗೆ ಸುಮಾರು 1.3 ಗ್ರಾಂ ಮೆಗ್ನೀಸಿಯಮ್, 0.4 ಗ್ರಾಂ ಕ್ಯಾಲ್ಸಿಯಮ್ ಇದೆ. ಹೈಡ್ರಾಕ್ಸೈಡ್ ಅಥವಾ ಕಾರ್ಬೊನೇಟ್ ಎಲ್ಯೂಯೆಂಟ್ ತಗುಲಿದರೆ ಅವು ಕಾಲಮ್ ಬಾಯಲ್ಲೇ ಗಟ್ಟಿಯಾಗಿ ಕೂರುತ್ತವೆ, ಚಹಾ ಪಾತ್ರೆಯ ತಳದ ಬಿಳಿ ಪದರದ ಹಾಗೆ. ಹೈಡ್ರೋಜನ್ ಕಾರ್ಟ್ರಿಜ್ ಅವನ್ನೂ ಹಿಡಿಯುತ್ತದೆ, ಅದಕ್ಕೂ ಅದು ಬೇಕು. ಗಾರ್ಡ್ ಕಾಲಮ್ (ಮುಖ್ಯ ಕಾಲಮ್ ಮುಂದೆ ಕಾವಲಿಗೆ ಹಾಕುವ ಚಿಕ್ಕ ಕಾಲಮ್) ಇಲ್ಲದೆ ಒಂದು ಇಂಜೆಕ್ಷನ್ ಕೂಡ ಮಾಡಬೇಡಿ. ಗಾರ್ಡ್ ತೆಗೆದಾಗ ಪ್ರೆಶರ್ ಇಳಿದರೆ ತೊಂದರೆ ಅಲ್ಲೇ ಇದೆ, ಅದನ್ನು ಬದಲಿಸಿ.

ವಿಜಯಪುರ, ಬಾಗಲಕೋಟೆ ಕಡೆಯ ಸವಳು ಬೋರ್‌ವೆಲ್ ನೀರಿಗೂ ಹೀಗೇ ಮಾಡಬೇಕಾ?

ಇಲ್ಲ, ಸುಮ್ನೆ ಖರ್ಚು ಮಾಡಿಕೊಳ್ಳಬೇಡಿ. ಬಾಯಿಗೆ ಉಪ್ಪು ಅನಿಸಿದರೂ ಆ ನೀರು ಸಮುದ್ರಕ್ಕಿಂತ ಎಷ್ಟೋ ತೆಳು. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ನಾವು ಸಮುದ್ರದಲ್ಲಿ ಹುಡುಕುವುದಕ್ಕಿಂತ ಅದು ನೂರಾರು ಪಟ್ಟು ಜಾಸ್ತಿ. ಹತ್ತು ಅಥವಾ ಇಪ್ಪತ್ತು ಪಟ್ಟು ನೀರು ಬೆರೆಸಿ ನೇರ ಓಡಿಸಿ, ನೈಟ್ರೇಟ್ ಚೆನ್ನಾಗಿ ಕಾಣುತ್ತದೆ. ಫ್ಲೋರೈಡ್‌ಗೆ ಮಾತ್ರ ಕಡಿಮೆ ಬೆರೆಸಿ ಬೇರೆಯಾಗಿ ಓಡಿಸಿ. ಅದರ ಮಿತಿ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಆ ಪೀಕ್ ನೀರಿನ ತಗ್ಗಿನ (ಸ್ಯಾಂಪಲ್ಲಿನ ನೀರು ಹೊರಬಂದಾಗ ಗೆರೆ ಕುಸಿಯುವ ಜಾಗದ) ಪಕ್ಕದಲ್ಲೇ ಬರುತ್ತದೆ, ಬೇಸ್‌ಲೈನನ್ನು ಕೈಯಿಂದ ಎಳೆದು ನೋಡಿ. ಆ ನೀರನ್ನು ಯಾರೋ ದಿನಾ ಕುಡಿಯುತ್ತಿದ್ದಾರೆ. ಬಾಟಲಿಯ ಮೇಲೆ ಊರು, ಬೋರ್‌ವೆಲ್ ಆಳ, ತಾರೀಖು ಬರೆಯದೆ ತರಬೇಡಿ, ಫಲಿತಾಂಶ ಬಂದ ದಿನವೇ ಆ ಮನೆಯವರಿಗೆ ಫೋನ್ ಮಾಡಿ ತಿಳಿಸಿ.